ತವರಿಗೆ ಮೂವತ್ತೈದು ನಿಮಿಷ

ಉತ್ತರ ಧ್ರುವದ ಕಡೆಯ ನುವುಸಾಕ್ ಎಂಬ ಹಿಮದೂರಿನ ವಿಮಾನ ನಿಲ್ದಾಣದ ಫೋನಿಗೆ ಗುಟ್ಟು ಎಂಬುದೇ ಗೊತ್ತಿರಲಿಲ್ಲ. ಅದರ ರಿಸೀವರು ಸತ್ತು ಎರಡು ವರ್ಷವಾಗಿತ್ತು, ಸ್ಪೀಕರು ಮಾತ್ರ ಬದುಕಿತ್ತು. ಹಾಗಾಗಿ ಅಲ್ಲಿ ಯಾರು ಯಾರ ಜೊತೆ ಏನು ಮಾತಾಡಿದರೂ ಅದು ಬಹಿರಂಗ ಸಭೆಯೇ. ಗಂಡ ಹೆಂಡಿರ ಜಗಳ, ಮೂಲವ್ಯಾಧಿಯ ವಿವರ, ಕಳೆದುಹೋದ ಪೆಟ್ಟಿಗೆಯ ಗೋಳು, ಎಲ್ಲವನ್ನೂ ಬೆಂಚಿನ ಮೇಲೆ ಕೂತ ಜನ ಚಹಾ ಕುಡಿಯುತ್ತ ಕೇಳುತ್ತಿದ್ದರು. ಊರಿನವರಿಗೆಲ್ಲ ತಿಳಿದಿದ್ದ ಈ ಸಂಗತಿಯನ್ನು ಕೂನೂ ಜೂನ್ ಕೊನೆಯ ಒಂದು ಬುಧವಾರ ಬೆಳಗ್ಗೆ ಮರೆತಳು.

ಅವಳಿಗೆ ಮರುದಿನದ ವಿಮಾನದಲ್ಲಿ, ದ್ವೀಪದ ವಿಮಾನಗಳೆಲ್ಲ ಕೂಡುವ ದೊಡ್ಡೂರಿಗೆ ಒಂದು ಸೀಟು ಬೇಕಿತ್ತು. ತೀರ ಹತ್ತಿರದ ಸಂಬಂಧಿಕರಿಗೆ ಜೀವಕ್ಕೆ ಬಂದಿದ್ದರೆ ಕಂಪನಿಯವರು ಅರ್ಧ ದರಕ್ಕೆ ಟಿಕೆಟ್ ಕೊಡುತ್ತಿದ್ದರು. ಅದರ ಹೆಸರು ಕರುಣೆಯ ದರ. ಕರುಣೆಗೂ ಒಂದು ದರವಿದೆ ಎಂದು ಹೆಸರಿನಲ್ಲೇ ಒಪ್ಪಿಕೊಂಡ ಪ್ರಾಮಾಣಿಕ ಕಂಪನಿ. ದಕ್ಷಿಣದ ನಗರದಲ್ಲಿ ಕೂತ ಗುಮಾಸ್ತೆ ಒಂದೊಂದಾಗಿ ಕೇಳುತ್ತ ಹೋದಳು.

"ಯಾರಿಗೆ ಹುಷಾರಿಲ್ಲ ಅಂದ್ರಿ?"

"ನಮ್ಮಮ್ಮನಿಗೆ."

"ಅವರ ಹೆಸರು?"

"ಉಲುರಿಯಾಕ್."

"ಹುಟ್ಟಿದ ತಾರೀಕು?"

ಕೂನೂ ತಾರೀಕು ಹೇಳಿದಳು. ದಿನ ಸರಿಯಿತ್ತು, ತಿಂಗಳು ಸರಿಯಿತ್ತು, ಇಸವಿಯೂ ಸರಿಯಾಗಿಯೇ ಇತ್ತು. ಆ ಕಡೆ ಕೀಲಿಗಳ ಟಕಟಕ ಸದ್ದು ನಿಂತಿತು.

"ಮೇಡಂ, ಆ ಲೆಕ್ಕದಲ್ಲಿ ನಿಮ್ಮ ತಾಯಿಗೆ ನಾಲ್ಕು ವರ್ಷ."

"ಹೌದು. ಏಪ್ರಿಲ್‌ನಲ್ಲಿ ತುಂಬಿತು."

"ನಿಮಗೆ?"

"ಐವತ್ತಮೂರು."

ಆಮೇಲೆ ಗುಮಾಸ್ತೆ ಬಹಳ ಮೃದುವಾಗಿ, ಹುಚ್ಚರ ಜೊತೆ ಮಾತಾಡುವವರ ಮೃದುತನದಲ್ಲಿ, ಕಂಪ್ಯೂಟರ್ ಇದನ್ನು ಒಪ್ಪುತ್ತಿಲ್ಲ ಎಂದಳು. ಕರುಣೆ ತೋರಿಸಲು ತನಗೇನೂ ಅಡ್ಡಿಯಿಲ್ಲ, ಆದರೆ ತಾಯಿಯಾದವಳು ಮಗಳಿಗಿಂತ ಮೊದಲು ಹುಟ್ಟಿರಬೇಕು ಎಂಬುದು ಕಂಪನಿಯ ನಿಯಮ ಎಂದಳು.

ಬೆಂಚಿನ ಮೇಲೆ ಆರು ಜನ ಇದ್ದರು. ನಾಲ್ಕು ವರ್ಷದ ಅಮ್ಮನ ಬಗ್ಗೆ ಅವರಲ್ಲಿ ಯಾರಿಗೂ ನಗು ಬರಲಿಲ್ಲ, ಅದು ಅವರವರ ಮನೆಯಲ್ಲೂ ಇದ್ದದ್ದೇ. ನಗು ಬಂದದ್ದು ಕೂನೂಳ ಪೆದ್ದುತನಕ್ಕೆ. ಊರಿನ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷದಿಂದ ದುಭಾಷಿಯ ಕೆಲಸ ಮಾಡುವವಳು ಅವಳು. ದಕ್ಷಿಣದವರಿಗೆ ಯಾವ ಮಾತು ಗಂಟಲಲ್ಲಿ ಇಳಿಯುತ್ತದೆ, ಯಾವುದು ಸಿಕ್ಕಿಕೊಳ್ಳುತ್ತದೆ ಎಂದು ಊರಿಗೆಲ್ಲ ಪಾಠ ಹೇಳುವವಳು. 'ನನ್ನ ತಮ್ಮ' ಎಂದು ಅಜ್ಜಿಯನ್ನು ತೋರಿಸಿದ ಎಷ್ಟೋ ಜನರ ಮಾತನ್ನು ಡಾಕ್ಟರಿಗೆ 'ಅಜ್ಜಿ' ಎಂದೇ ತಿರುಗಿಸಿ ದಾಟಿಸಿದವಳು. ಊರಿಗೆಲ್ಲ ಈಜು ಕಲಿಸಿದವಳು ತನ್ನ ಸರದಿ ಬಂದಾಗ ಬಟ್ಟಲು ನೀರಿನಲ್ಲಿ ಮುಳುಗಿದ್ದಳು.

"ಕೂನೂ," ಎಂದ ಬೆಂಚಿನ ತುದಿಯಲ್ಲಿದ್ದ ಮುದುಕ ಪನಿಲೂ, "ಅವಳಿಗೆ ಹೇಳು, ನಮ್ಮಮ್ಮ ನೋಡೋಕೆ ವಯಸ್ಸಿಗಿಂತ ಚಿಕ್ಕೋಳಾಗಿ ಕಾಣ್ತಾಳೆ ಅಷ್ಟೇ ಅಂತ."

ಕೌಂಟರಿನ ಹಿಂದಿದ್ದ ಜೈಪಿಟಿ ಮುಖ ತಿರುಗಿಸಿಕೊಂಡು ನಕ್ಕ. ಕಂಪನಿಯ ಏಜೆಂಟನೂ ಅವನೇ, ತೂಕ ಹಾಕುವವನೂ ಅವನೇ, ಸಾಮಾನು ಹೊರುವವನೂ ಅವನೇ. ಕೂನೂಳಿಗೆ ಕಿವಿಯವರೆಗೆ ಕೆಂಪೇರಿತು. ಪೂರ್ತಿ ದರಕ್ಕೇ ಟಿಕೆಟ್ ಬರೆ ಎಂದು ಅವನಿಗೆ ಹೇಳಿ, ಲೆಕ್ಕ ನೋಡದೆ ಹೊರಗೆ ಬಂದಳು.

ಸಂಗತಿ ಇಷ್ಟೆ. ಕೂನೂಳ ತಾಯಿ, ಮುದುಕಿ ಉಲುರಿಯಾಕ್, ಐದು ವರ್ಷದ ಹಿಂದಿನ ನವೆಂಬರಿನಲ್ಲಿ ದಕ್ಷಿಣದ ಆಸ್ಪತ್ರೆಯಲ್ಲಿ ತೀರಿಕೊಂಡಳು. ಅವಳ ಕೊನೆಯ ಮೂರು ದಿನ ಕೂನೂ ಇದೇ ಬೆಂಚಿನ ಮೇಲೆ ಗಂಟು ಕಟ್ಟಿಕೊಂಡು ಕೂತು, ಮಂಜು ಕರಗುವುದನ್ನು ಕಾಯುತ್ತಿದ್ದಳು. ಮಂಜು ಕರಗಿತು. ವಿಮಾನ ಬಂತು. ಅದರೊಳಗೆ ಅಮ್ಮನೂ ಬಂದಳು, ಪೆಟ್ಟಿಗೆಯಲ್ಲಿ. ಬಾಫಿನ್ ದ್ವೀಪದ ಆ ಅಂಚಿನಲ್ಲಿ ಪ್ರಯಾಣ ಎಂದರೆ ಮೊದಲು ಅನುಮಾನ, ಆಮೇಲೆ ವಿಮಾನ, ಕೊನೆಗೆ ಅವಮಾನ. ಎಲ್ಲದಕ್ಕೂ ಮೇಲಿನ ಯಜಮಾನ ಹವಾಮಾನ.

ಆದರೆ ಸತ್ತವರು ಅಲ್ಲಿ ಬಹಳ ದಿನ ಸತ್ತಿರುವುದಿಲ್ಲ. ಚಳಿಗಾಲ ಮುಗಿಯುವ ಹೊತ್ತಿಗೆ ಕಂಗಿಲುಕ್ ಎಂಬ ಊರಿನಲ್ಲಿ ಲೀಟಿಯಾ ಎಂಬ ಬಸುರಿಗೆ ಕನಸು ಬಿತ್ತು. ಗುರುತಿನ ಮುದುಕಿಯೊಬ್ಬಳು ಬಾಗಿಲಲ್ಲಿ ನಿಂತು, ಒಳಗೆ ಬರಲೇ, ಚಹಾ ಇದೆಯೇ ಎಂದು ಕೇಳಿದಳಂತೆ. ಸಕ್ಕರೆ ನಾಲ್ಕು ಚಮಚ ಎಂದಳಂತೆ. ನಾಲ್ಕು ಚಮಚ ಎಂದ ಮೇಲೆ ಅದು ಉಲುರಿಯಾಕಳಲ್ಲದೆ ಇನ್ನಾರೂ ಇರಲಿಕ್ಕಿಲ್ಲ. ಹುಟ್ಟಿದ ಹೆಣ್ಣು ಮಗುವಿಗೆ ಅದೇ ಹೆಸರಿಟ್ಟರು. ಹೆಸರು ಬಂದ ಮೇಲೆ ಹೆಸರಿನವಳೂ ಬಂದಳು. ಅಂದಿನಿಂದ ಆ ಕೂಸು ಕೂನೂಳಿಗೆ ಅಮ್ಮ, ಕೂನೂ ಆ ಕೂಸಿಗೆ ಮಗಳು. ಇದರಲ್ಲಿ ರಕ್ತದ ಮಾತಿಲ್ಲ. ಲೀಟಿಯಾ ಇವರಿಗೆ ನೆಂಟಳೂ ಅಲ್ಲ.

ಕಡಲು ಗಟ್ಟಿಯಾಗಿರುವ ತಿಂಗಳುಗಳಲ್ಲಿ ಕೂನೂ ಗಂಡ ಮೊಸಿಸಿಯ ಹಿಮಗಾಡಿಯ ಹಿಂದೆ ಕಟ್ಟಿದ ಜಾರುಬಂಡಿಯಲ್ಲಿ ಕೂತು, ನಡುವೆ ಒಂದು ರಾತ್ರಿ ಗುಡಾರದಲ್ಲಿ ಕಳೆದು, ತವರಿಗೆ ಹೋಗಿ ಬರುತ್ತಿದ್ದಳು. ತವರೆಂದರೆ ತಾಯಿ ಇರುವ ಊರು ತಾನೇ. ತಾಯಿ ನೆಲದ ಮೇಲೆ ಅಂಬೆಗಾಲಿಡುತ್ತಿದ್ದಳು. ಮೂರನೆಯ ವರ್ಷಕ್ಕೆ ಅವಳಿಗೆ ಮಾತು ಬಂತು, ಮಾತಿನ ಜೊತೆಗೆ ಅಧಿಕಾರವೂ ಬಂತು. ಐವತ್ತು ದಾಟಿದ ಮಗಳನ್ನು ಮಂಡಿಯ ಹತ್ತಿರ ಕೂರಿಸಿಕೊಂಡು, ತಲೆ ಬಾಚಿಕೋ, ಮೂಗು ಒರೆಸಿಕೋ, ಮೀನಿನ ಕಣ್ಣು ನನಗೆ ಬಿಡು ಎಂದು ಅಪ್ಪಣೆ ಮಾಡುತ್ತಿದ್ದಳು. ಹೆಸರಿನಲ್ಲಿ ಹಿರಿಯಳಾದ ಮಗುವನ್ನು ಅಲ್ಲಿ ಯಾರೂ ಗದರುವುದಿಲ್ಲ. ಗದರಿದರೆ ಆ ಬೈಗುಳ ಸತ್ತ ಮುದುಕಿಗೇ ತಗುಲುತ್ತದೆ. ಹಾಗಾಗಿ ಅಮ್ಮ ಕೆಟ್ಟುಹೋಗುವಷ್ಟು ಮುದ್ದಿನಲ್ಲಿ ಬೆಳೆದಳು. ಕೂನೂಳಿಗೆ ಅದರಲ್ಲಿ ಎಳ್ಳಷ್ಟೂ ಬೇಸರವಿರಲಿಲ್ಲ. ಹಿಂದಿನ ಸಲ ಅಮ್ಮ ಹೋದಾಗ ತಾನು ಬೆಂಚಿನ ಮೇಲಿದ್ದೆ ಎಂಬ ಮುಳ್ಳು, ಮೂರು ವರ್ಷದ ಬಾಯಿಂದ ಬೈಗುಳ ತಿಂದಾಗ ಸ್ವಲ್ಪ ಸಡಿಲವಾಗುತ್ತಿತ್ತು.

ತೊಂದರೆ ಇದ್ದದ್ದು ಕಡಲು ಕರಗುವ ತಿಂಗಳುಗಳಲ್ಲಿ. ಜೂನ್ ಕೊನೆಗೆ ಮಂಜುಗಡ್ಡೆ ಒಡೆದು, ಬಂಡಿಗೆ ನೆಲವೂ ಇಲ್ಲ, ದೋಣಿಗೆ ನೀರೂ ಇಲ್ಲ ಎಂಬ ತ್ರಿಶಂಕು ಕಾಲ ಶುರುವಾಗುತ್ತದೆ. ಆಗ ಉಳಿಯುವುದು ಆಕಾಶ ಒಂದೇ. ಜೈಪಿಟಿಯ ಕೌಂಟರಿನ ಹಿಂದೆ ಗೋಡೆಯ ಮೇಲೆ ನಕ್ಷೆಯೊಂದಿತ್ತು. ಅದರಲ್ಲಿ ನುವುಸಾಕಿನಿಂದ ಕಂಗಿಲುಕ್ಕಿಗೆ ಯಾವನೋ ಪೈಲಟ್ ಪೆನ್ಸಿಲಿನಲ್ಲಿ ಗೆರೆ ಎಳೆದು ಬರೆದಿಟ್ಟಿದ್ದ: ನೂರ ತೊಂಬತ್ತಾರು ಕಿಲೋಮೀಟರ್, ಮೂವತ್ತೈದು ನಿಮಿಷ. ಆ ಗೆರೆಯ ಮೇಲೆ ಹಕ್ಕಿಗಳು ಹಾರುತ್ತಿದ್ದವು, ವಿಮಾನ ಹಾರುತ್ತಿರಲಿಲ್ಲ. ವಿಮಾನಕ್ಕೆ ಗೊತ್ತಿದ್ದದ್ದು ದೊಡ್ಡೂರಿನ ದಾರಿ ಮಾತ್ರ. ನುವುಸಾಕಿನವರು ಒಂಬೈನೂರ ನಲವತ್ತು ಕಿಲೋಮೀಟರ್ ದಕ್ಷಿಣಕ್ಕಿಳಿದು, ದೊಡ್ಡೂರಿನಲ್ಲಿ ಒಂದೋ ಎರಡೋ ರಾತ್ರಿ ಮಲಗಿ, ಮತ್ತೆ ಎಂಟುನೂರ ಅರವತ್ತು ಕಿಲೋಮೀಟರ್ ಉತ್ತರಕ್ಕೆ ಹತ್ತಿ ಕಂಗಿಲುಕ್ ಸೇರಬೇಕು. ಕೈಯನ್ನು ತಲೆಯ ಹಿಂದಿನಿಂದ ಸುತ್ತಿ ಮೂಗು ಹಿಡಿಯುವುದೆಂದರೆ ಇದೇ. ಅದಕ್ಕೆ ತೆರುವ ಹಣದಲ್ಲಿ ದಕ್ಷಿಣದವರು ತೆಂಗಿನಮರ ಇರುವ ದ್ವೀಪಕ್ಕೆ ಹೋಗಿ, ಎರಡು ವಾರ ಮೈ ಸುಟ್ಟುಕೊಂಡು ಬರುತ್ತಾರೆ.

ನೇರ ವಿಮಾನ ಬೇಕು ಎಂದು ಕೂನೂ ಮೂರು ವರ್ಷದ ಹಿಂದೆ ಅರ್ಜಿ ಬರೆದು, ಎರಡೂ ಊರಿನ ಇನ್ನೂರು ಜನರ ಸಹಿ ಹಾಕಿಸಿ ಕಳಿಸಿದ್ದಳು. ಕಂಪನಿಯಿಂದ ಉತ್ತರ ಬಂತು: ತಮ್ಮ ಮನವಿ ಪರಿಶೀಲನೆಯಲ್ಲಿದೆ. ಊರ ಹಿರಿಯರ ಸಭೆಯಲ್ಲಿ ಅದನ್ನು ತಮ್ಮ ಮಾತಿಗೆ ತಿರುಗಿಸುವ ಕೆಲಸವೂ ಅವಳಿಗೇ ಬಿತ್ತು. ಪರಿಶೀಲನೆ ಎಂಬುದಕ್ಕೆ ಆ ಭಾಷೆಯಲ್ಲಿ ಒಂದು ಪದವಿರಲಿಲ್ಲ. ಸ್ವಲ್ಪ ಯೋಚಿಸಿ, "ನೋಡ್ತಾ ಇದಾರಂತೆ, ಕಣ್ಣು ಮುಚ್ಕೊಂಡು" ಎಂದಳು. ಅವಳ ದುಭಾಷಿ ಜೀವನದಲ್ಲಿ ಅಷ್ಟು ನಿಖರವಾದ ಅನುವಾದ ಇನ್ನೊಂದಿಲ್ಲ ಎಂದು ಹಿರಿಯರು ಈಗಲೂ ಹೇಳುತ್ತಾರೆ.

ಆ ಬುಧವಾರದ ಹಿಂದಿನ ದಿನ ಲೀಟಿಯಾ ಫೋನ್ ಮಾಡಿದ್ದಳು. ಮಗುವಿನ ಹೃದಯದಲ್ಲಿ ಹುಟ್ಟಿನಿಂದಲೇ ಇದ್ದ ತೂತು ಈಗ ದೊಡ್ಡದಾಗಿದೆಯಂತೆ. ತುಟಿ ನೀಲಿಯಾಗುತ್ತಿದೆ, ನಾಲ್ಕು ಹೆಜ್ಜೆಗೆ ಏದುಸಿರು. ಶುಕ್ರವಾರದ ವಿಮಾನದಲ್ಲಿ ದೊಡ್ಡೂರು, ಅಲ್ಲಿಂದ ಅದೇ ಮಧ್ಯಾಹ್ನ ದಕ್ಷಿಣದ ನಗರ, ಸೋಮವಾರ ಎದೆ ಕೊಯ್ಯುತ್ತಾರೆ. ಜೊತೆಗೆ ಒಬ್ಬರೇ ಹೋಗಬಹುದು, ಹೆತ್ತವಳು. ಇಷ್ಟು ಹೇಳಿ ಲೀಟಿಯಾ ಅತ್ತಳು. ಆಮೇಲೆ ಫೋನನ್ನು ಯಾರೋ ಕಿತ್ತುಕೊಂಡ ಸದ್ದಾಯಿತು.

"ಮಗಳೇ," ಎಂದಿತು ಏದುಸಿರಿನ ಸಣ್ಣ ದನಿ, "ನೀನು ಬಾ. ನೀನು ಬರ್ದೇ ಇದ್ರೆ ನಾನು ಹೋಗಲ್ಲ."

"ಬರ್ತೀನಮ್ಮ."

"ಹೋದ್ಸಲನೂ ಬರ್ತೀನಿ ಅಂದಿದ್ದೆ."

ಯಾವ ಹೋದಸಲ ಎಂದು ಕೇಳುವ ಧೈರ್ಯ ಕೂನೂಳಿಗೆ ಆಗಲಿಲ್ಲ. ಮಗು ಹೇಳಿದ್ದು ಕಳೆದ ಈಸ್ಟರಿನ ಮಾತಿರಬಹುದು. ಇಲ್ಲದೆಯೂ ಇರಬಹುದು.

ಕಂಗಿಲುಕ್ಕಿಗೆ ಹೋಗಿ ಸೇರಲು ಹೊತ್ತಿರಲಿಲ್ಲ. ದೊಡ್ಡೂರಿನಿಂದ ಆ ಊರಿಗೆ ಹೋಗುವ ಮುಂದಿನ ವಿಮಾನವೇ ಶುಕ್ರವಾರದ್ದು, ಮಗುವನ್ನು ಕರೆತರುವುದೂ ಅದೇ. ಆದ್ದರಿಂದ ಕೂನೂ ಒಂದು ಲೆಕ್ಕ ಹಾಕಿದಳು. ಗುರುವಾರ ತಾನು ದೊಡ್ಡೂರಿಗೆ ಹೋಗಿಬಿಡುವುದು. ಶುಕ್ರವಾರ ಹನ್ನೊಂದಕ್ಕೆ ಮಗುವಿನ ವಿಮಾನ ಅಲ್ಲಿ ಇಳಿಯುತ್ತದೆ. ಹನ್ನೆರಡು ಇಪ್ಪತ್ತಕ್ಕೆ ದಕ್ಷಿಣದ ವಿಮಾನ ಹೊರಡುತ್ತದೆ. ನಡುವೆ ಒಂದು ಗಂಟೆ ಇಪ್ಪತ್ತು ನಿಮಿಷ ಅಮ್ಮ ತನ್ನ ತೊಡೆಯ ಮೇಲೆ. ಜೀವಮಾನವಿಡೀ ಈ ಆಕಾಶದ ಪಂಚಾಂಗವನ್ನು ಬಲ್ಲ ಜೈಪಿಟಿ ಕೂಡ ಲೆಕ್ಕವನ್ನು ಎರಡು ಸಲ ನೋಡಿ ಸರಿಯಿದೆ ಎಂದ.

ಟಿಕೆಟ್ಟಿನ ದುಡ್ಡಿಗಾಗಿ ಮೊಸಿಸಿ ದೋಣಿಯ ಹೊಸ ಎಂಜಿನ್ನಿನ ಆಸೆ ಬಿಟ್ಟ. ಹಳೆಯ ಎಂಜಿನ್ನನ್ನು ಬಿಚ್ಚಿ ಒರೆಸಲು ಕೂತ. ಕೂನೂ ಅರ್ಧ ಹೊಲಿದಿದ್ದ ಸೀಲ್ ತೊಗಲಿನ ಪುಟ್ಟ ಬೂಟುಗಳನ್ನು ಅಂದೇ ಮುಗಿಸಿದಳು. ಒಳಗೆ ಮೊಲದ ತುಪ್ಪಳ ಇಟ್ಟಳು. ಮುದುಕಿ ಉಲುರಿಯಾಕಳ ಪಾದಗಳು ಯಾವಾಗಲೂ ತಣ್ಣಗಿರುತ್ತಿದ್ದವು.

ಗುರುವಾರದ ವಿಮಾನ ಹೇಳಿದ ಹೊತ್ತಿಗೆ ಬಂದು ಹೇಳಿದ ಹೊತ್ತಿಗೆ ಹೊರಟಿತು. ಅಷ್ಟು ಸರಿಯಾಗಿ ನಡೆದದ್ದೇ ಅಪಶಕುನ ಎಂದು ಆಮೇಲೆ ಅವಳಿಗೆ ಅನ್ನಿಸಿತು.

ಶುಕ್ರವಾರ ಬೆಳಗ್ಗೆ ಏಳೂವರೆಗೇ ಅವಳು ತಂಗಿದ್ದ ಮನೆಯಿಂದ ಹೊರಟು ದೊಡ್ಡೂರಿನ ವಿಮಾನ ನಿಲ್ದಾಣದಲ್ಲಿ ಕೂತಳು. ಒಣಮೀನು ಒಂದು ಪೊಟ್ಟಣ, ಬೂಟು ಒಂದು ಪೊಟ್ಟಣ. ಮೊಬೈಲುಗಳು ಆಗ ಇನ್ನೂ ಆ ಕಡೆಯ ಸಣ್ಣ ಊರುಗಳಿಗೆ ಬಂದಿರಲಿಲ್ಲ, ಅವಳ ಬಳಿಯೂ ಇರಲಿಲ್ಲ. ಹನ್ನೊಂದಕ್ಕೆ ಐದು ನಿಮಿಷವಿರುವಾಗ ಕಂಗಿಲುಕ್ಕಿನ ವಿಮಾನ ಇಳಿಯಿತು. ಬಾಗಿಲಿನಿಂದ ಒಬ್ಬ ಶಾಲಾ ಮೇಷ್ಟ್ರು ಬಂದ, ಹಾಕಿ ಆಡುವ ಹುಡುಗರ ತಂಡ ಬಂತು, ಪೈಪು ರಿಪೇರಿಯವನು ಬಂದ. ಬಾಗಿಲು ಮುಚ್ಚಿತು. ಕೂನೂ ಇನ್ನೂ ಹತ್ತು ನಿಮಿಷ ಅದೇ ಬಾಗಿಲನ್ನು ನೋಡುತ್ತ ನಿಂತಳು, ಪೈಪಿನವನ ಹಿಂದೆ ಅಮ್ಮ ಅಡಗಿರಬಹುದೆಂಬಂತೆ.

ಕೌಂಟರಿನವಳನ್ನು ಕೇಳಿದಳು. ರೋಗಿಯ ವಿಷಯ, ಹೇಳುವ ಹಾಗಿಲ್ಲ, ನೀವು ಏನಾಗಬೇಕು ಎಂದಳು ಅವಳು. ಈ ಸಲ ಕೂನೂ ಜಾಣತನ ಮಾಡಿದಳು. ಬುಧವಾರದ ಪಾಠ ಕಲಿತಿದ್ದಳಲ್ಲ, ಕಂಪ್ಯೂಟರ್ ಒಪ್ಪುವಂಥ ಸುಳ್ಳು ಹೇಳಿದಳು.

"ನಾನು ಅವಳ ಅಜ್ಜಿ."

ಕೌಂಟರಿನವಳು ಪಟ್ಟಿ ನೋಡಿ, ಅಜ್ಜಿಯರಿಬ್ಬರ ಹೆಸರೂ ಇಲ್ಲಿದೆ, ನಿಮ್ಮದಿಲ್ಲ ಎಂದಳು. ನಿಜಕ್ಕೆ ಅರ್ಧ ದರ ಸಿಕ್ಕಿರಲಿಲ್ಲ, ಸುಳ್ಳಿಗೆ ಪೂರ್ತಿ ದಂಡ ಬಿತ್ತು. ರೋಗಿಯ ಗೌಪ್ಯತೆಯನ್ನು ಕಾಪಾಡುವುದು ನಮ್ಮೆಲ್ಲರ ಕರ್ತವ್ಯ ಎಂದು ಅವಳು ವಿನಯದಿಂದ ಹೇಳಿದ ವಾಕ್ಯ ಕೂನೂಳಿಗೆ ಬಾಯಿಪಾಠವಿತ್ತು. ಅಳುವ ಹೆಂಡಂದಿರಿಗೆ, ಬಾಗಿಲು ಗುದ್ದುವ ಅಣ್ಣಂದಿರಿಗೆ ಅದನ್ನು ತನ್ನ ಭಾಷೆಯಲ್ಲಿ ಸಾವಿರ ಸಲ ಹೇಳಿದವಳೇ ಅವಳು. ಎಷ್ಟು ಚೆನ್ನಾಗಿ ತಿರುಗಿಸಿದ್ದಳೆಂದರೆ ಒಬ್ಬರೂ ತಿರುಗಿ ಕೇಳಿರಲಿಲ್ಲ. ಇವಳೂ ಕೇಳಲಿಲ್ಲ.

ದಕ್ಷಿಣದ ವಿಮಾನ ಹನ್ನೆರಡು ಇಪ್ಪತ್ತಕ್ಕೆ ಹೊರಟುಹೋಯಿತು. ಗೋಡೆಯ ಫೋನಿಗೆ ನಾಣ್ಯ ಹಾಕಿ ಕೂನೂ ಜೈಪಿಟಿಗೆ ಫೋನ್ ಮಾಡಿದಳು. ಅವನು ಹಲೋ ಎಂದ ರೀತಿಯಲ್ಲೇ ಏನೋ ಆಗಿದೆ ಎಂದು ತಿಳಿಯಿತು. ಹಿಂದೆ ಬೆಂಚಿನವರ ಸದ್ದು ಕೇಳಿಸುತ್ತಿರಲಿಲ್ಲ. ಅವರನ್ನೆಲ್ಲ ಅವನು ಹೊರಗೆ ಕಳಿಸಿದ್ದ. ಆ ಫೋನಿನ ಇತಿಹಾಸದಲ್ಲಿ ಹಾಗೆ ಆದದ್ದು ಅದೊಂದೇ ಸಲ.

ಅವನು ಸುತ್ತು ಬಳಸದೆ ಹೇಳಿದ. ಬೆಳಗಿನ ಜಾವ ಮಗುವಿನ ಉಸಿರು ಕೆಟ್ಟಿತು. ಮಾಮೂಲಿ ವಿಮಾನ ಬರುವವರೆಗೆ ಕಾಯುವ ಹಾಗಿಲ್ಲ ಎಂದು ಡಾಕ್ಟರು ರೋಗಿಗಳ ವಿಮಾನ ತರಿಸಿದರು. ಇತ್ತ ನುವುಸಾಕಿನಲ್ಲಿ ಹಿಂದಿನ ಸಂಜೆ ಮುದುಕ ಪನಿಲೂ ಮನೆಯ ಮೆಟ್ಟಿಲಲ್ಲಿ ಜಾರಿ ಸೊಂಟ ಮುರಿದುಕೊಂಡಿದ್ದ. ಇಬ್ಬರು ರೋಗಿಗಳಿಗೆ ಒಂದೇ ವಿಮಾನ ಸಾಕೆಂದು ಯಾರೋ ಬುದ್ಧಿವಂತರು ಲೆಕ್ಕ ಹಾಕಿದರು. ವಿಮಾನ ಕಂಗಿಲುಕ್ಕಿನಲ್ಲಿ ತಾಯಿ ಮಗುವನ್ನು ಹತ್ತಿಸಿಕೊಂಡು, ಮುದುಕನನ್ನು ಎತ್ತಿಕೊಳ್ಳಲು ಮತ್ತು ಎಣ್ಣೆ ತುಂಬಿಸಿಕೊಳ್ಳಲು ನೆಟ್ಟಗೆ ನುವುಸಾಕಿಗೆ ಬಂತು.

"ನೆಟ್ಟಗೆ?" ಎಂದಳು ಕೂನೂ.

"ನೆಟ್ಟಗೆ."

"ಎಷ್ಟು ಹೊತ್ತು ತಗೊಳ್ತು?"

ಜೈಪಿಟಿ ಸುಳ್ಳು ಹೇಳಬಹುದಿತ್ತು. ಇಪ್ಪತ್ತೇಳು ವರ್ಷ ಬಂದ ಹೊತ್ತು ಹೋದ ಹೊತ್ತು ಬರೆದಿಟ್ಟ ಕೈ, ಅದಕ್ಕೆ ಸುಳ್ಳು ಬರುತ್ತಿರಲಿಲ್ಲ.

"ಮೂವತ್ತಮೂರು ನಿಮಿಷ. ಹಿಂದಿಂದ ಗಾಳಿ ಇತ್ತು."

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದವಳ ಗಾದೆ ಎಲ್ಲರಿಗೂ ಗೊತ್ತು. ಕೂಸೇ ಕಂಕುಳಿಗೆ ಬಂದಾಗ ಕಂಕುಳೇ ಊರಲ್ಲಿಲ್ಲದಿದ್ದರೆ ಅದಕ್ಕೆ ಗಾದೆ ಇಲ್ಲ. ಎಂಟು ಗಂಟೆಗೆ ಇಳಿದ ಅಮ್ಮ ಐವತ್ತು ನಿಮಿಷ ನುವುಸಾಕಿನ ನಿಲ್ದಾಣದಲ್ಲಿದ್ದಳು. ಮೂಗಿಗೆ ನಳಿಕೆ, ಮೈಗೆ ಕಂಬಳಿ. ಕೂನೂಳ ಮನೆ ಅಲ್ಲಿಂದ ನಡೆದರೆ ಹನ್ನೆರಡು ನಿಮಿಷ. ಮೊಸಿಸಿ ಓಡಿ ಬಂದ, ಆದರೆ ಅವನು ಅವಳಿಗೆ ಬರೀ ಅಳಿಯ. ಜೈಪಿಟಿ ದೊಡ್ಡೂರಿನ ಮನೆಗೆ ಫೋನ್ ಮಾಡಿದ, ಆಗಲೇ ಹೊರಟುಹೋದರು, ಹಾಸಿಗೆಯ ಮೇಲೆ ಚೀಟಿ ಇಡುತ್ತೇವೆ ಎಂದರು. ನಿಲ್ದಾಣಕ್ಕೆ ಮಾಡಿದ, ಒಂದು ಒತ್ತಿ, ಎರಡು ಒತ್ತಿ ಎಂದಿತು ಯಂತ್ರ. ಅವನು ಒತ್ತಿದ, ಒತ್ತುತ್ತಲೇ ಇದ್ದ.

"ನನ್ನ ಕೇಳಿದ್ಲಾ?"

"ಕೇಳಿದ್ಲು. 'ನಿನ್ನನ್ನೇ ಕರ್ಕೊಂಡು ಬರೋಕೆ ಹೋಗಿದಾಳೆ' ಅಂದೆ."

"ಏನಂದ್ಲು?"

"'ಅವಳು ಯಾವಾಗ್ಲೂ ಹೀಗೇ, ಬೇಕಾದಾಗ ಇರಲ್ಲ' ಅಂದ್ಲು. ನಿಮ್ಮಮ್ಮನ ಥರಾನೇ, ಕೂನೂ. ಆ ಕಡೆ ಮುಖ ಮಾಡ್ಕೊಂಡು."

ಎಂಟು ಐವತ್ತಕ್ಕೆ ವಿಮಾನ ಎದ್ದಿತು. ದೊಡ್ಡೂರನ್ನು ಮುಟ್ಟದೆ, ಪಶ್ಚಿಮದ ದಾರಿ ಹಿಡಿದು ದಕ್ಷಿಣಕ್ಕೆ ಹೋಯಿತು. ಅದರೊಳಗೆ ಮುದುಕ ಪನಿಲೂ ದಾರಿಯುದ್ದಕ್ಕೂ ನೋವಿನಲ್ಲೂ ಮಗುವಿಗೆ ಕತೆ ಹೇಳಿದನಂತೆ. ಒಂದು ಸೊಂಟ ಮುರಿದದ್ದಕ್ಕೆ ಅವನಿಗೆ ಸಿಕ್ಕಿದ್ದು, ಒಂದು ಎಂಜಿನ್ ಕಳೆದುಕೊಂಡರೂ ಇವಳಿಗೆ ಸಿಗಲಿಲ್ಲ.

ಮಂಜು ಕವಿದು ಕೂನೂ ದೊಡ್ಡೂರಿನಲ್ಲಿ ಮೂರು ದಿನ ಸಿಕ್ಕಿಬಿದ್ದಳು. ಮಗುವಿನ ಎದೆಯನ್ನು ಕೊಯ್ದು ಹೊಲಿದ ಸುದ್ದಿ ಅಲ್ಲೇ ತಿಳಿಯಿತು. ಮಗು ಉಳಿದಿತ್ತು. ಕೂನೂ ಒಣಮೀನನ್ನು ಒಬ್ಬಳೇ ಕೂತು ತಿಂದಳು, ಬೂಟುಗಳನ್ನು ಅಂಚೆಗೆ ಹಾಕಿದಳು. ಅಂಚೆ ದಕ್ಷಿಣ ತಲುಪಿದ್ದು ಆಗಸ್ಟಿನಲ್ಲಿ. ಅಲ್ಲಿ ಆಗ ಮಕ್ಕಳು ಬರಿಗಾಲಲ್ಲಿ ಓಡಾಡುವ ಸೆಕೆ.

ಇಲ್ಲಿಗೆ ಕತೆ ಮುಗಿದಿದ್ದರೆ ಒಂದು ರೀತಿಯಲ್ಲಿ ಸುಖಾಂತ. ಆದರೆ ಹೊಲಿದ ಹೃದಯವನ್ನು ಆರು ತಿಂಗಳಿಗೊಮ್ಮೆ ಬಿಚ್ಚದೆಯೇ ನೋಡಬೇಕು ಎಂದರು ಡಾಕ್ಟರು. ಪ್ರತಿ ಸಲ ಹೋಗಿ ಬರುವುದಕ್ಕಿಂತ ಇಲ್ಲೇ ಇರಿ ಎಂದರು. ಲೀಟಿಯಾಳ ಗಂಡನಿಗೆ ಅಲ್ಲಿನ ಗೋದಾಮೊಂದರಲ್ಲಿ ಕೆಲಸ ಸಿಕ್ಕಿತು. ಸೀಲ್ ಬೇಟೆಯಲ್ಲಿ ಎರಡು ಊರಿಗೆ ಹೆಸರಾದವನು ರಟ್ಟಿನ ಪೆಟ್ಟಿಗೆಗಳನ್ನು ಎತ್ತಿ ಇಟ್ಟು, ಎತ್ತಿ ಇಟ್ಟು ಸಂಸಾರ ಸಾಕಿದ. ಆರು ತಿಂಗಳು ಒಂದು ವರ್ಷವಾಯಿತು, ಒಂದು ಎರಡಾಯಿತು.

ಭಾನುವಾರಗಳಲ್ಲಿ ಕೂನೂ ಫೋನ್ ಮಾಡುತ್ತಿದ್ದಳು. ಮೊದಮೊದಲು ಅಮ್ಮ ಗದರುತ್ತಿದ್ದಳು, ಟೋಪಿ ಹಾಕಿದ್ದೀಯಾ, ತಲೆ ಬಾಚಿದ್ದೀಯಾ ಎಂದು. ಆಮೇಲೆ ಅವಳ ಮಾತಿನ ಮಧ್ಯೆ ದಕ್ಷಿಣದ ಪದಗಳು ನುಸುಳಿದವು. ಆಮೇಲೆ ದಕ್ಷಿಣದ ಮಾತಿನ ಮಧ್ಯೆ ಇವರ ಪದಗಳು ನುಸುಳಿದವು. ಕೊನೆಗೆ ನುಸುಳುವುದೂ ನಿಂತಿತು. ಕೂನೂಳಿಗೆ ಎರಡೂ ಭಾಷೆ ಬರುತ್ತಿತ್ತು. ಹಾಗಾಗಿ ಏನು ಕಳೆದುಹೋಗುತ್ತಿದೆ ಎಂಬುದು ಅವಳಿಗೆ ಅರ್ಥವಾಗದೆ ಉಳಿಯುವ ಅನುಕೂಲವಿರಲಿಲ್ಲ.

ಒಂದು ಭಾನುವಾರ ಲೀಟಿಯಾ ಒಬ್ಬಳೇ ಮಾತಾಡಿದಳು. ಮಗು ಎಲ್ಲಿ ಎಂದದ್ದಕ್ಕೆ ಆಟಕ್ಕೆ ಹೋಗಿದ್ದಾಳೆ ಎಂದಳು. ಹಿಂದೆ ಮಗುವಿನ ದನಿ ಕೇಳಿಸುತ್ತಿತ್ತು. ಲೀಟಿಯಾಳೇ ತಡೆಯಲಾರದೆ ಹೇಳಿಬಿಟ್ಟಳು. ಶಾಲೆಯಲ್ಲಿ ಮೇಡಂ ಮನೆಯವರ ಚಿತ್ರ ಬರೆಯಲು ಹೇಳಿದ್ದರಂತೆ, ಮರದ ಕೊಂಬೆಗಳ ಹಾಗೆ. ಮಗು ಅಪ್ಪ ಅಮ್ಮನನ್ನು ಮೇಲೆ ಬರೆದು, ನಡುವೆ ತನ್ನನ್ನು ಬರೆದು, ತನ್ನ ಕೆಳಗೆ ಗೆರೆ ಎಳೆದು ಕೂನೂಳನ್ನು ಬರೆದಿದ್ದಳು. ಕನ್ನಡಕ, ಬಿಳಿ ಕೂದಲು ಎಲ್ಲ ಸರಿಯಾಗಿ. ಕೆಳಗೆ 'ನನ್ನ ಮಗಳು' ಎಂದು. ಮೇಡಂ ಕೆಟ್ಟವರಲ್ಲ, ನಗುತ್ತಲೇ ಕೆಂಪು ಪೆನ್ನಿನಲ್ಲಿ ಗೆರೆ ಹೊಡೆದು, ಪುಟ್ಟ ಹುಡುಗಿಗೆ ಮಗಳು ಇರೋಲ್ಲ ಎಂದು ಬರೆದರಂತೆ. ತರಗತಿ ನಕ್ಕಿತಂತೆ. ಅಂದಿನಿಂದ ಮಗು ಫೋನಿಗೆ ಬರಲು ಒಪ್ಪುತ್ತಿಲ್ಲ.

"ನೀವೇನೂ ಅನ್ಕೋಬೇಡಿ," ಎಂದಳು ಲೀಟಿಯಾ. "ಆಂಟಿ ಅಂತ ಕರೆಯೋಕೆ ಹೇಳಿದೀನಿ. ಆಂಟಿ ಅಂದ್ರೆ ಬರ್ತಾಳೆ."

ಕೂನೂ ಪರವಾಗಿಲ್ಲ ಎಂದಳು. ಮುಂದಿನ ಭಾನುವಾರದಿಂದ 'ಹಾಯ್ ಆಂಟಿ, ಬೈ ಆಂಟಿ' ಎಂಬ ಎರಡು ವಾಕ್ಯಗಳ ನಡುವೆ ಇದ್ದಷ್ಟೇ ಹೊತ್ತಿನ ಸಂಬಂಧ ನಡೆಯಿತು. ಅಮ್ಮ ಮೊದಲ ಸಲ ಹೋದಾಗ ಪೆಟ್ಟಿಗೆಯಾದರೂ ಬಂದಿತ್ತು. ಯಾರ ಕನಸಿಗಾದರೂ ಹೋಗಿ ಚಹಾ ಕೇಳುವ ಸ್ವಾತಂತ್ರ್ಯ ಅವಳಿಗಿತ್ತು. ಈ ಸಲ ಅವಳು ಬದುಕಿದ್ದಾಳೆ, ಚೆನ್ನಾಗಿದ್ದಾಳೆ, ಆದ್ದರಿಂದ ಇನ್ನೆಲ್ಲೂ ಬರಲಾರಳು. ಬದುಕಿರುವವರ ಹೆಸರನ್ನು ಬೇರೆ ಕೂಸಿಗೆ ಯಾರು ಇಡುತ್ತಾರೆ?

ಇದಾದ ಮರುವರ್ಷ ಏಪ್ರಿಲಿನಲ್ಲಿ ಕಂಪನಿಯಿಂದ ಒಬ್ಬ ಅಧಿಕಾರಿ ಬಂದ. ಒಳ್ಳೆಯ ಮನುಷ್ಯ, ಒಳ್ಳೆಯ ಬೂಟು. ಊರ ಸಭಾಂಗಣದಲ್ಲಿ ನೂರು ಜನ ಸೇರಿದರು, ಚಹಾ ಮತ್ತು ಹುರಿದ ರೊಟ್ಟಿ ಇತ್ತು. ಕೂನೂ ಎಂದಿನಂತೆ ಅವನ ಪಕ್ಕದಲ್ಲಿ ಮೈಕು ಹಿಡಿದು ನಿಂತಳು. ಅವನು ಪರದೆಯ ಮೇಲೆ ನಕ್ಷೆ ತೋರಿಸಿದ. ನುವುಸಾಕಿನಿಂದ ಕಂಗಿಲುಕ್ಕಿಗೆ ಒಂದು ನೀಲಿ ಗೆರೆ, ಅದರ ಮೇಲೊಂದು ಪುಟ್ಟ ವಿಮಾನ. ಜುಲೈಯಿಂದ ಮಂಗಳವಾರ ಮತ್ತು ಶುಕ್ರವಾರ ನೇರ ಹಾರಾಟ ಎಂದ. ದೂರ ನೂರ ತೊಂಬತ್ತಾರು ಕಿಲೋಮೀಟರ್, ಸಮಯ ಮೂವತ್ತೈದು ನಿಮಿಷ ಎಂದ. ಕೂನೂ ಅದನ್ನೆಲ್ಲ ಒಂದು ಅಕ್ಷರ ಬಿಡದೆ ತಮ್ಮ ಮಾತಿಗೆ ತಿರುಗಿಸಿದಳು. ಪರಿಶೀಲನೆಯ ಕಣ್ಣು ಕೊನೆಗೂ ತೆರೆದಿತ್ತು, ನೋಡಬೇಕಾದದ್ದು ಎದುರಿನಿಂದ ಎದ್ದುಹೋದ ಮೇಲೆ.

ಜನ ಪ್ರಶ್ನೆ ಕೇಳಿದರು. ನಾಯಿಗೆ ಟಿಕೆಟ್ ಬೇಕೋ, ಮಾಂಸದ ಪೆಟ್ಟಿಗೆ ಎಷ್ಟು ತೂಕದವರೆಗೆ ಪುಕ್ಕಟೆ, ಪೈಲಟ್ ಮದುವೆಯಾದವನೋ. ಊರುಗೋಲು ಹಿಡಿದು ಬಂದಿದ್ದ ಪನಿಲೂ, ಈ ದಾರಿಯನ್ನು ಮೊದಲು ಉದ್ಘಾಟಿಸಿದ್ದು ತನ್ನ ಸೊಂಟ, ತನಗೆ ರಿಯಾಯಿತಿ ಉಂಟೇ ಎಂದ. ಎಲ್ಲರೂ ನಕ್ಕರು, ಕೂನೂಳ ಮುಖ ನೋಡಿ ನಿಲ್ಲಿಸಿದರು.

ಅಧಿಕಾರಿಗೆ ಇದೊಂದೂ ಗೊತ್ತಿರಲಿಲ್ಲ. ಅವನಿಗೆ ಗೊತ್ತಿದ್ದದ್ದು ತನ್ನ ಕಡತದಲ್ಲಿದ್ದ ಹಳೆಯ ಅರ್ಜಿ ಮಾತ್ರ. ಅದನ್ನು ಎತ್ತಿ ಹಿಡಿದು, ಇದೆಲ್ಲ ಈ ಒಬ್ಬ ಹೆಣ್ಣುಮಗಳ ಪತ್ರದಿಂದ ಆಯಿತು ಎಂದು ಸಭೆಗೆ ಹೇಳಿದ. ಕೂನೂ ತನ್ನ ಹೊಗಳಿಕೆಯನ್ನು ತಾನೇ ಅನುವಾದಿಸಿದಳು, ಸ್ವಲ್ಪ ಮೊಟಕು ಮಾಡಿ. ಮೊಸಿಸಿ ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದ. ಅಧಿಕಾರಿ ಅವಳ ಕಡೆ ತಿರುಗಿ, ಕಣ್ಣಲ್ಲಿ ನಿಜವಾದ ಸಂತೋಷ ಇಟ್ಟುಕೊಂಡು, ಮೊದಲ ವಿಮಾನದ ಮೊದಲ ಸೀಟು ಕಂಪನಿಯ ಕೊಡುಗೆ, ನಿಮ್ಮ ಹೆಸರಿಗೇ ಬರೆದುಕೊಳ್ಳಲೇ ಎಂದು ಕೇಳಿದ.

ಕೂನೂ ಮೈಕನ್ನು ಬಾಯಿಂದ ಸ್ವಲ್ಪ ದೂರ ಹಿಡಿದಳು.

"ಬೇಡ. ಆ ಊರಲ್ಲಿ ಈಗ ನಮ್ಮೋರು ಅಂತ ಇರೋದು ನಮ್ಮ ನಾದಿನಿ ಒಬ್ಳೇ, ಹೋದ ವರ್ಷ ಮದ್ವೆ ಆಗಿ ಹೋದೋಳು. ಈ ವಿಮಾನದ ಸುದ್ದಿ ದಯವಿಟ್ಟು ಅವಳಿಗೆ ಇನ್ನೂ ಹೇಳ್ಬೇಡಿ, ವಾರಕ್ಕೆರಡು ಸಲ ನಮ್ಮನೇಗೆ ಬಂದು ಕೂರ್ತಾಳೆ."